ಯಾವ ಎಂ.ಎಸ್.?



ಈ ಉಪನ್ಯಾಸ ದತ್ತಿಯ ನಿಯಮದಲ್ಲಿ ಒಂದು ಸಾಲಿದೆ. ಉಪನ್ಯಾಸಕಾರರು ತಮ್ಮ ಕಸುಬಿನ ವಿಷಯವನ್ನೇ ಆರಿಸಿಕೊಳ್ಳಬೇಕು, ಆದರೆ ಕಸುಬಿನ ಹೊರಗಿನವರಿಗೂ ತಿಳಿಯುವ ಹಾಗೆ ಮಾತಾಡಬೇಕು. ನಾನು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಿದವನು. ಔಷಧಿ ಚೀಟಿ, ಕೇಸ್‌ಶೀಟು, ಡಿಸ್ಚಾರ್ಜ್ ಸಮ್ಮರಿ ಇವನ್ನು ಓದಿ ತಪ್ಪು ಹುಡುಕುವುದು ನನ್ನ ಕೆಲಸದಲ್ಲಿ ಸೇರಿತ್ತು. ಆ ಕಾಗದಗಳಲ್ಲಿ ನನ್ನ ತಲೆ ತಿಂದ ಎರಡಕ್ಷರ ಎಂ.ಎಸ್. ಇವತ್ತು ಅದನ್ನೇ ಹಿಡಿದುಕೊಂಡು ಬಂದಿದ್ದೇನೆ. ಆಹ್ವಾನ ಪತ್ರಿಕೆ ನೋಡಿ ಸುಬ್ಬುಲಕ್ಷ್ಮಿಯವರ ಬಗ್ಗೆ ಉಪನ್ಯಾಸ ಅಂದುಕೊಂಡು ಬಂದವರು ಈ ಸಭೆಯಲ್ಲಿ ಇದ್ದಾರೆಂದು ಬಲ್ಲೆ. ಅವರಿಂದಲೇ ಶುರು ಮಾಡುತ್ತೇನೆ.

ಮಧುರೆ ಷಣ್ಮುಖವಡಿವು ಸುಬ್ಬುಲಕ್ಷ್ಮಿ. ಷಣ್ಮುಖವಡಿವು ತಂದೆಯ ಹೆಸರಲ್ಲ, ತಾಯಿಯದು. ಆಕೆ ವೀಣೆ ನುಡಿಸುತ್ತಿದ್ದವರು. ಹೆಸರಿನ ಮುಂದೆ ತಂದೆಯ ಅಕ್ಷರವನ್ನೇ ಹಾಕುವ ನಾಡಿನಲ್ಲಿ ಆ ‘ಎಸ್’ ಮಾತ್ರ ತಾಯಿಯ ಕಡೆಯಿಂದ ಬಂದಿದೆ. ದೇವದಾಸಿ ಮನೆತನಗಳ ತಾಯಿವಂಶದ ಚರಿತ್ರೆಯಷ್ಟೂ ಆ ಒಂದು ಅಕ್ಷರದ ಹಿಂದಿದೆ. 1963ರಲ್ಲಿ ಅವರ ಸುಪ್ರಭಾತದ ರೆಕಾರ್ಡು ಬಂತು, ದಕ್ಷಿಣದ ಮನೆಮನೆಯ ಬೆಳಗು ಅದಾಯಿತು. 1998ರಲ್ಲಿ ಭಾರತರತ್ನ ಬಂತು. ಸಂಗೀತ ಕೇಳುವವರ ನಡುವೆ ‘ಎಂ.ಎಸ್. ಹಾಡಿದ ಜಗದೋದ್ಧಾರನ’ ಅಂದರೆ ಸಾಕು. ಅಲ್ಲಿ ಯಾರಾದರೂ ‘ಯಾವ ಎಂ.ಎಸ್.?’ ಅಂದರೆ ಅವರು ಆ ಕೂಟಕ್ಕೆ ಹೊಸಬರೆಂದು ಗೊತ್ತಾಗಿಬಿಡುತ್ತದೆ. ಮೊಮ್ಮಗನ ಮುಂದೆ ಅದೇ ಮಾತಾಡಿ ನೋಡಿ, ಅವನಿಗೆ ಎಂ.ಎಸ್. ಅಂದರೆ ಮಹೇಂದ್ರ ಸಿಂಗ್ ಧೋನಿ. ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿದರೆ ಮಂಕೊಂಬು ಸಾಂಬಶಿವನ್ ಸ್ವಾಮಿನಾಥನ್.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಶಾರ್ಟ್‌ಫಾರ್ಮಿಗೆ ಎರಡು ಕೆಲಸ. ಬರೆಯುವವನ ಸಮಯ ಉಳಿಸುವುದು ಒಂದು. ‘ನಾವು ನಾವು’ ಅನ್ನುವುದು ಇನ್ನೊಂದು. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ, ಆದರೆ ಹೆಚ್ಚು ಗಟ್ಟಿ.

ಪೆಟ್ರೋಲ್ ಬಂಕಿಗೆ ಹೋಗಿ. ನಾವು ನೀವು ಪೆಟ್ರೋಲ್ ಅನ್ನುತ್ತೇವೆ. ಮಾಲೀಕರ ದಾಸ್ತಾನು ಪುಸ್ತಕದಲ್ಲಿ, ಟ್ಯಾಂಕರಿನ ಜೊತೆ ಬರುವ ಇನ್‌ವಾಯ್ಸಿನಲ್ಲಿ ಪೆಟ್ರೋಲ್ ಎಂಬ ಪದ ಹುಡುಕಬೇಕು. ಅಲ್ಲಿ ಇರುವುದು ಎಂಎಸ್ ಮತ್ತು ಎಚ್‌ಎಸ್‌ಡಿ. ಎಚ್‌ಎಸ್‌ಡಿ ಅಂದರೆ ಹೈಸ್ಪೀಡ್ ಡೀಸೆಲ್. ಎಂಎಸ್ ಅಂದರೆ ಮೋಟಾರ್ ಸ್ಪಿರಿಟ್. ಪೆಟ್ರೋಲ್ ಎಂಬುದು ಮೂಲದಲ್ಲಿ ಲಂಡನ್ನಿನ ಒಂದು ಕಂಪನಿ ತನ್ನ ಸರಕಿಗೆ ಇಟ್ಟ ಹೆಸರು. ಪೈಪೋಟಿಯವರು, ಸರ್ಕಾರ ಇಬ್ಬರೂ ಮೋಟಾರ್ ಸ್ಪಿರಿಟ್ ಅಂದರು. ನಮ್ಮಲ್ಲಿ ಬ್ರಿಟಿಷರು 1917ರಲ್ಲಿ ಪೆಟ್ರೋಲಿನ ಮೇಲೆ ಸುಂಕ ಹಾಕಿದ ಕಾಯ್ದೆಗೆ ಅದೇ ಹೆಸರಿತ್ತು. ಬ್ರಿಟಿಷರು ಹೋದರು, ಸ್ಪಿರಿಟ್ ಉಳಿಯಿತು.

ವೆಲ್ಡಿಂಗ್ ಶಾಪಿನಲ್ಲಿ ಗೇಟಿಗೆ ಆರ್ಡರ್ ಕೊಟ್ಟರೆ ಮೊದಲ ಪ್ರಶ್ನೆ, ‘ಎಂಎಸ್ ಹಾಕೋದಾ, ಎಸ್‌ಎಸ್ ಹಾಕೋದಾ ಸಾರ್?’ ಮೈಲ್ಡ್ ಸ್ಟೀಲು, ಸ್ಟೇನ್‌ಲೆಸ್ ಸ್ಟೀಲು. ಮೈಲ್ಡ್ ಅಂದದ್ದು ಇಂಗಾಲ ಕಡಿಮೆ ಎಂಬ ಕಾರಣಕ್ಕೆ, ಸುಮಾರು ನೂರಕ್ಕೆ ಕಾಲು ಪಾಲು ಅಥವಾ ಅದಕ್ಕೂ ಕಡಿಮೆ. ಬಗ್ಗುತ್ತದೆ, ಬೆಸುಗೆ ಹಿಡಿಯುತ್ತದೆ, ಬಣ್ಣ ಬಳಿಯದಿದ್ದರೆ ತುಕ್ಕೂ ಹಿಡಿಯುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗರು ಮೈಲ್ಡ್ ಸ್ಟೀಲ್ ಎಂಬ ಪೂರ್ತಿ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕೆ.ಜಿ. ಎಂದು ಬಾಯಲ್ಲೇ ಹೇಳುತ್ತಾರೆ. 12 ಮಿ.ಮೀ. ಸರಳಿಗೆ 144ನ್ನು 162ರಿಂದ ಭಾಗಿಸಿ, ಹತ್ತಿರ ಹತ್ತಿರ 890 ಗ್ರಾಂ. ಎರಡಕ್ಷರ ಬಿಡಿಸಿ ಹೇಳಲು ಬರದೆಯೂ ವಸ್ತುವನ್ನು ಪೂರ್ತಿ ಬಲ್ಲವರು ಇವರು. ಬಿಡಿಸಿ ಹೇಳಲು ಬಂದರೂ ವಸ್ತು ಗೊತ್ತಿಲ್ಲದವರು ಎಲ್ಲಿರುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ, ನಾನು ಕಾಲೇಜಿನಲ್ಲಿ ಕೆಲಸ ಮಾಡಿದವನು.

ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರ, ಅಂಬೇಡ್ಕರ್ ವೀಧಿಯಲ್ಲಿ ಎಂ.ಎಸ್. ಬಿಲ್ಡಿಂಗ್ ಇದೆ. ಜಿಲ್ಲೆಗಳಿಂದ ಫೈಲಿನ ಬೆನ್ನು ಹತ್ತಿ ಬಂದವರೆಲ್ಲ ಅದರ ಮೆಟ್ಟಿಲು ಹತ್ತಿದವರೇ. ಅದು ಯಾರೋ ದೊಡ್ಡವರ ಹೆಸರೆಂದು ತಿಳಿದವರು ಬಹಳ. ಪಕ್ಕದಲ್ಲೇ ವಿಶ್ವೇಶ್ವರಯ್ಯ ಗೋಪುರ ಇರುವುದರಿಂದ ಹಾಗೆ ತಿಳಿದದ್ದು ತಪ್ಪೂ ಅಲ್ಲ. ಎಂ.ಎಸ್. ಅಂದರೆ ಮಲ್ಟಿ ಸ್ಟೋರಿಡ್, ಅಷ್ಟೆ. ಬಹುಮಹಡಿ ಕಟ್ಟಡ. ಒಂದು ಕಟ್ಟಡಕ್ಕೆ ‘ಮಹಡಿಗಳಿರುವ ಕಟ್ಟಡ’ ಎಂದು ಹೆಸರಿಟ್ಟ ಕಾಲದಲ್ಲಿ ಆ ಊರಿನಲ್ಲಿ ಎತ್ತರದ ಕಟ್ಟಡಗಳು ಎಷ್ಟಿದ್ದಿರಬಹುದು ಎಂದು ಯೋಚಿಸಿ. ಈಗ ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಿಂತರೂ ಸುತ್ತ ಇರುವುದೆಲ್ಲ ಎಂ.ಎಸ್. ಬಿಲ್ಡಿಂಗೇ.

ಡಿಗ್ರಿಯ ಎಂ.ಎಸ್. ಬಗ್ಗೆ ಉದ್ದ ಹೇಳುವುದಿಲ್ಲ. ನಮ್ಮಲ್ಲಿ ಅದು ಮಾಸ್ಟರ್ ಆಫ್ ಸರ್ಜರಿ, ಕತ್ತರಿ ಹಿಡಿಯುವವರದು. ಅಮೆರಿಕಕ್ಕೆ ಹೋದ ಹುಡುಗರದು ಮಾಸ್ಟರ್ ಆಫ್ ಸೈನ್ಸ್. ವಧೂವರರ ಅಂಕಣದಲ್ಲಿ ‘ಎಂ.ಎಸ್., ಯುಎಸ್‌ಎ’ ಅಂತ ಇದ್ದರೆ ಹುಡುಗ ಸಾಫ್ಟ್‌ವೇರು, ಬರೀ ‘ಎಂ.ಎಸ್.’ ಇದ್ದರೆ ಡಾಕ್ಟರು. ಮದುವೆ ಮಾಡಿಸುವವರಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಆಸ್ಪತ್ರೆ. ಇಲ್ಲಿ ಸ್ವಲ್ಪ ಕೂತು ನೋಡಬೇಕು, ಯಾಕೆಂದರೆ ಒಂದೇ ಸೂರಿನ ಕೆಳಗೆ ಆರೇಳು ಎಂ.ಎಸ್.ಗಳಿವೆ. ಶಸ್ತ್ರವೈದ್ಯರ ಹೆಸರಿನ ಮುಂದೆ ಎಂ.ಎಸ್. ಆಡಳಿತ ನೋಡುವ ಮೆಡಿಕಲ್ ಸೂಪರಿಂಟೆಂಡೆಂಟ್ ಕೂಡ ಎಂ.ಎಸ್. ‘ಎಂ.ಎಸ್. ಬರ್ತಿದ್ದಾರೆ’ ಅಂದರೆ ವಾರ್ಡಿನಲ್ಲಿ ಹಾಸಿಗೆಗಳು ನೆಟ್ಟಗಾಗುತ್ತವೆ. ಪ್ರಯೋಗಾಲಯದಲ್ಲಿ ಎಂ.ಎಸ್. ಅಂದರೆ ಮಾಸ್ ಸ್ಪೆಕ್ಟ್ರೋಮೀಟರು, ಅಣುಗಳನ್ನು ತೂಕದ ಮೇಲೆ ಗುರುತಿಸುವ ಯಂತ್ರ. ಇವುಗಳಿಂದ ಯಾರಿಗೂ ಅಪಾಯವಿಲ್ಲ. ಅಪಾಯ ಇರುವುದು ಎರಡು ಕಾಯಿಲೆ ಮತ್ತು ಎರಡು ಔಷಧಿಗಳಲ್ಲಿ.

ಕಾಯಿಲೆಗಳು ಮೊದಲು. ಹೃದ್ರೋಗ ವಿಭಾಗದಲ್ಲಿ ಎಂ.ಎಸ್. ಅಂದರೆ ಮೈಟ್ರಲ್ ಸ್ಟೆನೋಸಿಸ್. ಚಿಕ್ಕಂದಿನಲ್ಲಿ ಗಂಟಲುಬೇನೆ ಬಂದು, ಅದರ ಹಿಂದೆ ರುಮ್ಯಾಟಿಕ್ ಜ್ವರ ಬಂದು, ಅದು ಹೃದಯದ ಎಡಗಡೆಯ ಕವಾಟವನ್ನು ಕಚ್ಚುತ್ತದೆ. ಕವಾಟದ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಬಾಯಿ ಕಿರಿದಾಗುತ್ತಾ ಬರುತ್ತದೆ. ಆರೋಗ್ಯವಂತರಲ್ಲಿ ಆ ಬಾಯಿ ನಾಲ್ಕರಿಂದ ಆರು ಚದರ ಸೆಂಟಿಮೀಟರು, ಕಾಯಿಲೆ ಬಲಿತವರಲ್ಲಿ ಒಂದೂವರೆಗಿಂತ ಕಡಿಮೆ. ಕಿಕ್ಕಿರಿದ ಮನೆ, ಗಂಟಲುಬೇನೆಗೆ ಸಿಗದ ಪೆನಿಸಿಲಿನ್ ಇರುವಲ್ಲಿ ಇದು ಹೆಚ್ಚು. ಅಂದರೆ ಬಡವರ ಕಾಯಿಲೆ. ಅನೇಕ ಹೆಣ್ಣುಮಕ್ಕಳಿಗೆ ಗರ್ಭಿಣಿಯಾಗುವವರೆಗೆ ಅದು ಇರುವುದೇ ಗೊತ್ತಿರುವುದಿಲ್ಲ. ಬಸಿರಿನಲ್ಲಿ ರಕ್ತದ ಪ್ರಮಾಣ ನೂರಕ್ಕೆ ನಲವತ್ತರಷ್ಟು ಏರುತ್ತದೆ, ಕಿರಿದಾದ ಬಾಯಿ ತಡೆಯಲಾರದೆ ಉಸಿರು ಕಟ್ಟುತ್ತದೆ. ತೊಡೆಸಂದಿನ ರಕ್ತನಾಳದಿಂದ ಬಲೂನು ತೂರಿಸಿ ಕವಾಟ ಬಿಡಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೌಯೆ 1984ರಲ್ಲಿ ಪ್ರಕಟಿಸಿದರು. ನಮ್ಮ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದದ್ದು.

ನರರೋಗ ವಿಭಾಗದಲ್ಲಿ ಎಂ.ಎಸ್. ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮೇಲಿನ ಪೊರೆಯನ್ನು ತಿನ್ನುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ, ಕೆಲವರಲ್ಲಿ ನಡಿಗೆಯೇ ನಿಲ್ಲುತ್ತದೆ. ಪ್ಯಾರಿಸ್ಸಿನ ಶಾರ್ಕೊ 1868ರಲ್ಲಿ ಇದನ್ನು ಬೇರೆಯದೇ ಕಾಯಿಲೆ ಎಂದು ವಿವರಿಸಿದರು. ಇದು ಸಮಭಾಜಕ ವೃತ್ತದಿಂದ ದೂರದ ಚಳಿನಾಡುಗಳಲ್ಲಿ ಹೆಚ್ಚು. ಸ್ಕಾಟ್ಲೆಂಡು ಇದಕ್ಕೆ ಹೆಸರಾದ ಜಾಗ. ನಮ್ಮಲ್ಲಿ ಇಲ್ಲವೆಂದಲ್ಲ, ಕಡಿಮೆ.

ಈಗ ಒಂದು ಪರೀಕ್ಷೆ ಮಾಡಿ. ವೈದ್ಯವಿದ್ಯಾರ್ಥಿಯ ಕಿವಿಯಲ್ಲಿ ‘ಎಂ.ಎಸ್.’ ಅಂತ ಉಸುರಿ. ಎಡಿನ್‌ಬರೋದ ಹುಡುಗನ ಮನಸ್ಸಿಗೆ ಮೊದಲು ಬರುವುದು ನರದ ಕಾಯಿಲೆ. ಹುಬ್ಬಳ್ಳಿಯ ಹುಡುಗನಿಗೆ ಬರುವುದು ಹೃದಯದ ಕಾಯಿಲೆ. ಇಬ್ಬರ ಪಠ್ಯಪುಸ್ತಕ ಒಂದೇ ಇರಬಹುದು. ವಾರ್ಡಿನಲ್ಲಿ ಮಲಗಿರುವ ರೋಗಿಗಳು ಬೇರೆ. ಒಂದು ಶಾರ್ಟ್‌ಫಾರ್ಮನ್ನು ಮೊದಲ ಏಟಿಗೆ ನಾವು ಹೇಗೆ ಬಿಡಿಸುತ್ತೇವೆ ಎಂಬುದು ನಾವು ನಿಂತ ನೆಲವನ್ನು ಹೇಳುತ್ತದೆ.

ತೊಂದರೆ ಎಲ್ಲಿ ಅಂದರೆ, ಕಾಗದ ವಾರ್ಡಿನಲ್ಲೇ ಉಳಿಯುವುದಿಲ್ಲ. ಒಬ್ಬ ರೈತ ತಂಗಿಯ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ನನ್ನ ಕೋಣೆಗೆ ಬಂದಿದ್ದ. ಅದರಲ್ಲಿ ರೋಗನಿರ್ಣಯದ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಆರ್‌ಎಚ್‌ಡಿ, ಸಿವಿಯರ್ ಎಂಎಸ್’ ಅಂತ ಇತ್ತು, ಅಂದರೆ ರುಮ್ಯಾಟಿಕ್ ಹೃದ್ರೋಗ, ಕವಾಟ ತೀರಾ ಕಿರಿದಾಗಿದೆ ಎಂದು. ಊರಿನ ಕಾಲೇಜು ಹುಡುಗನೊಬ್ಬ ಎಂಎಸ್ ಎಂಬುದನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟಿದ್ದ. ಮೊಬೈಲಿಗೆ ಹುಬ್ಬಳ್ಳಿ ವಾರ್ಡು ಗೊತ್ತಿಲ್ಲ. ಅದು ಇಂಗ್ಲಿಷ್ ಲೋಕದ ಉತ್ತರ ಕೊಟ್ಟಿತು: ನರ, ಮಿದುಳು, ಗಾಲಿಕುರ್ಚಿ. ‘ಸಾರ್, ಎದೆ ತೋರ್ಸಕ್ಕೆ ಕರ್ಕೊಂಡು ಹೋಗಿದ್ವಿ, ನರದ್ ಕಾಯ್ಲೆ ಅಂತ ಬರ್ದಿದ್ದಾರಲ್ಲ. ಬಲೂನ್ ಹಾಕ್ಸು ಅಂತಾರೆ. ನರಕ್ಕೆ ಯಾಕ್ ಸಾರ್ ಬಲೂನು?’ ಅವನ ಪ್ರಶ್ನೆಯಲ್ಲಿ ತರ್ಕ ಸರಿಯಾಗೇ ಇತ್ತು. ನರದ ಕಾಯಿಲೆಗೆ ಹೃದಯಕ್ಕೆ ಬಲೂನು ಹಾಕುವವರನ್ನು ನಂಬಬಾರದು. ಮನೆಯವರು ಚಿಕಿತ್ಸೆಯ ದಿನವನ್ನೇ ಮುಂದಕ್ಕೆ ಹಾಕಿದ್ದರು. ಹಾಳೆಯ ಹಿಂಭಾಗದಲ್ಲಿ ಹೃದಯದ ಚಿತ್ರ ಬರೆದು, ಕವಾಟ ತೋರಿಸಿ ಕಳಿಸಿದೆ. ಬರೆದ ಕಿರಿಯ ವೈದ್ಯರದು ತಪ್ಪಿರಲಿಲ್ಲ, ಅವರ ವಾರ್ಡಿನಲ್ಲಿ ಎಂಎಸ್‌ಗೆ ಇನ್ನೊಂದು ಅರ್ಥವೇ ಇಲ್ಲ. ಆದರೆ ಕೈ ಬರೆದದ್ದು ಯಾರಿಗೆ ಎಂದು ಅವರು ಯೋಚಿಸಿರಲಿಲ್ಲ.

ಔಷಧಿಗಳದು ಇನ್ನೂ ಸೂಕ್ಷ್ಮ. ಮಾರ್ಫಿನ್ ಸಲ್ಫೇಟು ಎಂ.ಎಸ್., ನೋವು ನಿವಾರಕ, ಅಫೀಮಿನ ಕುಲದ್ದು. ಮೆಗ್ನೀಸಿಯಂ ಸಲ್ಫೇಟನ್ನೂ ಅವಸರದಲ್ಲಿ ಎಂ.ಎಸ್. ಎಂದು ಗೀಚುವವರಿದ್ದಾರೆ. ಅದು ಬಸಿರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವುದನ್ನು ತಡೆಯುವ ಮದ್ದು. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ನೋಡಿ, ಇದು ಆ ಅಪಾಯವನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಈಗ ಚೀಟಿಯಲ್ಲಿ ‘ಎಂ.ಎಸ್. 4’ ಅಂತ ಇದೆ ಅನ್ನಿ. ಮಾರ್ಫಿನ್ ಆದರೆ 4 ಮಿಲಿಗ್ರಾಂ, ಸರಿಯಾದ ಡೋಸು. ಮೆಗ್ನೀಸಿಯಂ ಆದರೆ 4 ಗ್ರಾಂ, ಅದೂ ಸರಿಯಾದ ಡೋಸು. ಅಂಕಿಯೂ ಎಚ್ಚರಿಸುವುದಿಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ‘ಬಳಸಬೇಡಿ’ ಎಂಬ ಚಿಕ್ಕ ಪಟ್ಟಿ ಹೊರಡಿಸಿತು. ಅದರಲ್ಲಿ ಎಂ.ಎಸ್. ಇದೆ, ಈ ಎರಡೂ ಸಲ್ಫೇಟುಗಳ ರಾಸಾಯನಿಕ ಶಾರ್ಟ್‌ಫಾರ್ಮುಗಳೂ ಇವೆ. ನಮ್ಮ ಹೆರಿಗೆ ವಾರ್ಡಿನ ಸಿಸ್ಟರುಗಳು ಪಟ್ಟಿಗೆ ಕಾಯದೆ ಬಾಯಿಮಾತಿನಲ್ಲೇ ದಾರಿ ಕಂಡುಕೊಂಡರು. ಅವರು ‘ಮ್ಯಾಗ್‌ಸಲ್ಫ್’ ಅನ್ನುತ್ತಾರೆ. ಅದೂ ಶಾರ್ಟ್‌ಫಾರ್ಮೇ, ಆದರೆ ಇನ್ನೊಂದರ ಮೇಲೆ ಬೀಳದ ಶಾರ್ಟ್‌ಫಾರ್ಮು. ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಔಷಧಿಯ ಮೂಲ ಹೆಸರನ್ನು ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ನಿಯಮ ಮಾಡಿತು. ವೈದ್ಯರ ಕೈಬರಹ ಕಂಡವರು ಆ ನಿಯಮದ ಗತಿ ಊಹಿಸಬಲ್ಲರು.

ದೊಡ್ಡಕ್ಷರ ಅಂದೆ. ಕನ್ನಡದವರಿಗೆ ಇಲ್ಲಿ ನಮ್ಮದೇ ಒಂದು ತೊಡಕಿದೆ. ರೋಮನ್ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಚುಕ್ಕೆ, ಓರೆಗೆರೆ ಇವೆಲ್ಲ ಅರ್ಥ ಬೇರೆ ಮಾಡುತ್ತವೆ. ಎರಡೂ ಚಿಕ್ಕಕ್ಷರವಾದರೆ ಸೆಕೆಂಡಿನ ಸಾವಿರದ ಒಂದು ಪಾಲು, ಮಿಲಿಸೆಕೆಂಡು. ಎರಡನೆಯದು ಮಾತ್ರ ದೊಡ್ಡದಾದರೆ ಮಿಲಿಸೀಮೆನ್ಸ್, ನೀರಿನಲ್ಲಿ ಮಣ್ಣಿನಲ್ಲಿ ಉಪ್ಪಿನ ಅಂಶ ಎಷ್ಟೆಂದು ವಿದ್ಯುತ್ ಹರಿಸಿ ಅಳೆಯುವ ಮಾನ. ಪಾಲಿಹೌಸಿನಲ್ಲಿ ದಪ್ಪಮೆಣಸಿನಕಾಯಿ ಬೆಳೆಯುವವರ ಕೈಯಲ್ಲಿ ಅದರ ಮೀಟರು ಇರುತ್ತದೆ. ಎರಡೂ ದೊಡ್ಡದಾದರೆ ಗ್ರಂಥಸಂಪಾದಕರಿಗೆ ಹಸ್ತಪ್ರತಿ. ನಡುವೆ ಓರೆಗೆರೆ ಬಂದರೆ ಅಂಗಡಿಯ ಬಿಲ್ಲಿನ ಮೆಸರ್ಸ್. ಮೊದಲನೆಯದು ಮಾತ್ರ ದೊಡ್ಡದಾದರೆ ಹೆಂಗಸಿನ ಹೆಸರಿನ ಹಿಂದಿನ ಗೌರವವಾಚಕ, ಮದುವೆ ಆಗಿದೆಯೋ ಇಲ್ಲವೋ ಎಂದು ಹೇಳದಿರುವುದೇ ಅದರ ಉದ್ದೇಶ. 1901ರಲ್ಲೇ ಅಮೆರಿಕದ ಒಂದು ಪತ್ರಿಕೆ ಅದನ್ನು ಸೂಚಿಸಿತ್ತು, ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಳ್ಳುವಷ್ಟರಲ್ಲಿ 1986 ಬಂದಿತ್ತು. ಬಿಡಿಸಿದರೆ ಏನೂ ಸಿಗದ ವಿಚಿತ್ರ ಶಾರ್ಟ್‌ಫಾರ್ಮು ಅದು.

ನಮ್ಮ ಲಿಪಿಯಲ್ಲಿ ದೊಡ್ಡದು ಚಿಕ್ಕದು ಇಲ್ಲ. ಎಲ್ಲವೂ ಎಂಎಸ್. ಇಂಗ್ಲಿಷ್ ಅಕ್ಷರದ ಹೆಸರನ್ನು ಕನ್ನಡದಲ್ಲಿ ಬರೆದ ಕೂಡಲೇ ಅದು ಕನ್ನಡವಾಯಿತೆಂದು ಇಲಾಖೆಗಳು ನಂಬಿವೆ. ಅರ್ಜಿ ನಮೂನೆ, ಸುತ್ತೋಲೆ, ಯೋಜನೆಯ ಹೆಸರು ಎಲ್ಲದರಲ್ಲೂ ಇದೇ. ಇಂಗ್ಲಿಷ್ ಓದುವವನಿಗೆ ಸಿಗುತ್ತಿದ್ದ ಸುಳಿವೂ ಕನ್ನಡ ಓದುವವನಿಗೆ ಸಿಗುವುದಿಲ್ಲ. ಇದು ಕನ್ನಡದಲ್ಲಿ ಆಡಳಿತವಲ್ಲ, ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಆಡಳಿತ.

ಕನ್ನಡಕ್ಕೆ ಶಾರ್ಟ್‌ಫಾರ್ಮು ಹೊಸದಲ್ಲ. ಶಾಸನಗಳಲ್ಲಿ ಗದ್ಯಾಣಕ್ಕೆ ‘ಗ’ ಅಂತ ಒಂದೇ ಅಕ್ಷರ ಕೆತ್ತಿ ಮುಂದೆ ಅಂಕಿ ಹಾಕುತ್ತಿದ್ದರು. ಹಳೆಯ ಕಾಗದಗಳು ಮ||ರಾ||ರಾ|| ಎಂದು ಶುರುವಾಗಿ ಉಭಯ ಕುಶಲೋಪರಿಯನ್ನು ಉ||ಕು|| ಎಂದು ಮುಗಿಸುತ್ತಿದ್ದವು. ಕುವೆಂಪು, ಪುತಿನ, ತೀನಂಶ್ರೀ, ಅನಕೃ ಇವೆಲ್ಲ ಅಕ್ಷರ ಜೋಡಿಸಿ ಮಾಡಿದ ಹೆಸರುಗಳೇ. ನಮ್ಮ ಪದ್ಧತಿಯಲ್ಲಿ ಪದದ ಮೊದಲ ಅಕ್ಷರ ಕಾಗುಣಿತದ ಸಮೇತ ಉಳಿಯುವುದರಿಂದ ಕುಪ್ಪಳಿಯ ‘ಕು’, ವೆಂಕಟಪ್ಪನವರ ‘ವೆಂ’ ಗುರುತು ಸಿಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ವಿದ್ವಾಂಸರ ಶಿಸ್ತು. 1894ರ ಕಿಟೆಲ್ ನಿಘಂಟು ತೆಗೆಯಿರಿ, ಒಳಗೆ ಶಾರ್ಟ್‌ಫಾರ್ಮುಗಳು ಇರುವೆಯ ಹಾಗೆ ಹರಿದಾಡುತ್ತವೆ, ಆದರೆ ಅವುಗಳ ಪಟ್ಟಿಯೂ ಪುಸ್ತಕದಲ್ಲೇ ಇದೆ. ಹಳಗನ್ನಡ ಕಾವ್ಯ ಸಂಪಾದಿಸುವವರು ಓಲೆಗರಿ ಪ್ರತಿಗಳಿಗೆ ಕ, ಖ, ಗ ಎಂದು ಗುರುತು ಹಾಕುತ್ತಾರೆ. ಯಾವುದು ಎಲ್ಲಿಯ ಪ್ರತಿ ಎಂದು ಹೇಳದೆ ಪದ್ಯಕ್ಕೆ ಕೈ ಹಾಕುವುದಿಲ್ಲ. ಐದು ಜನ ಓದುವ ಪುಸ್ತಕಕ್ಕೆ ಇಷ್ಟು ಮರ್ಯಾದೆ. ಐದು ಲಕ್ಷ ಜನರ ಕೈಗೆ ಹೋಗುವ ಕಾಗದಕ್ಕೆ ಇಲ್ಲ.

ಹಾಗಂತ ಶಾರ್ಟ್‌ಫಾರ್ಮನ್ನೇ ನಿಷೇಧಿಸಿ ಅನ್ನುವವರ ಜೊತೆ ನಾನಿಲ್ಲ. ರೋಗಿಯ ಉಸಿರು ನಿಂತಾಗ ಸಿಪಿಆರ್ ಎಂದು ಕೂಗಬೇಕು, ಬಿಡಿಸಿ ಹೇಳುತ್ತಾ ಕೂರಬಾರದು. ವೆಲ್ಡಿಂಗ್ ಶಾಪಿನ ಎಂಎಸ್ ಅಲ್ಲಿಗೆ ಸರಿಯಾಗಿದೆ, ಅದನ್ನು ‘ಮೃದು ಉಕ್ಕು’ ಎಂದು ತಿದ್ದಲು ಹೋದವರನ್ನು ಆ ಹುಡುಗರು ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ನನ್ನ ತಕರಾರು ಕಸುಬಿನ ಬಾಗಿಲು ದಾಟಿ ಹೊರಗೆ ಹೋಗುವ ಕಾಗದದ ಬಗ್ಗೆ ಮಾತ್ರ. ಅಲ್ಲಿ ಬರೆಯುವವನು ಉಳಿಸಿದ ಎರಡು ಸೆಕೆಂಡಿನ ಲೆಕ್ಕವನ್ನು ಓದುವವನು ತೀರಿಸಬೇಕಾಗುತ್ತದೆ.

ಈ ವಿಷಯದಲ್ಲಿ ನಮ್ಮ ಸಂವಿಧಾನ ಒಳ್ಳೆಯ ಮೇಲ್ಪಂಕ್ತಿ ಹಾಕಿದೆ. 2016ರಲ್ಲಿ ಜಿಎಸ್‌ಟಿಗಾಗಿ ಮಾಡಿದ 101ನೇ ತಿದ್ದುಪಡಿಯಲ್ಲಿ ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆ ರಾಜ್ಯಗಳ ಕೈಯಲ್ಲಿ ಉಳಿಯಿತು. ಏಳನೇ ಅನುಸೂಚಿಯ ರಾಜ್ಯಪಟ್ಟಿಯ 54ನೇ ನಮೂದು ನೋಡಿ. ಮೋಟಾರ್ ಸ್ಪಿರಿಟ್ ಎಂದು ಬರೆದು, ಅಲ್ಲೇ ಕಂಸ ಹಾಕಿ, ಸಾಮಾನ್ಯವಾಗಿ ಪೆಟ್ರೋಲ್ ಎಂದು ಕರೆಯುವಂಥದು ಎಂಬರ್ಥದ ಮಾತು ಸೇರಿಸಿದ್ದಾರೆ. ದೇಶದ ಅತಿ ದೊಡ್ಡ ಕಾನೂನಿಗೆ ಒಂದು ಕಂಸ ಭಾರವಾಗಲಿಲ್ಲ.

ಈ ಸಭೆಯಲ್ಲಿ ವೈದ್ಯರಿದ್ದೀರಿ, ಇಲಾಖೆಗಳಲ್ಲಿ ಕೆಲಸ ಮಾಡುವವರಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ರೋಗಿಯ ಕೈಗೆ, ಅರ್ಜಿದಾರರ ಕೈಗೆ ಕೊಡುವ ಹಾಳೆಯಲ್ಲಿ ಶಾರ್ಟ್‌ಫಾರ್ಮು ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಂಎಸ್ ಎಂದು ಬರೆದ ಕೈ ‘ಹೃದಯದ ಎಡಗಡೆಯ ಕವಾಟ ಕಿರಿದಾಗಿದೆ’ ಎಂದೂ ಬರೆಯಲಿ. ನಾಳೆ ಬೆಳಿಗ್ಗೆಯ ಮೊದಲ ರೋಗಿಯಿಂದಲೇ ಶುರು ಮಾಡಬಹುದು, ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.